ಕಾರ್ಮಿಕ ಪರಿಹಾರ, ಮೇಲ್ಮನವಿ ಮತ್ತು ನ್ಯಾಯಪೀಠದ ನಿಷ್ಪಕ್ಷಪಾತ: ಗಡಿಸೀಮೆಯ ಒಂದು ಅವಲೋಕನ

ಗಡಿನಾಡಿನ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಗಳಿಂದ, ಮಠಮಂದಿರಗಳಿಂದ, ರಾಜಮನೆತನಗಳಿಂದ ಆರಂಭಿಸುತ್ತಾರೆ. ಅದು ಯೋಗ್ಯವೇ ಆಗಿದೆ. ಆದರೆ ದುಡಿಯುವ ಕೈಗಳಿಗೂ ಒಂದು ಇತಿಹಾಸವುಂಟು; ಆ ಕೈಗಳು ಯಂತ್ರಕ್ಕೆ ಸಿಲುಕಿದಾಗ ನ್ಯಾಯವನ್ನು ಅರಸುತ್ತ ಹೋದ ದಾರಿಗೂ ಒಂದು ಇತಿಹಾಸವುಂಟು. ಸಂಘದ ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಯಲ್ಲಿ ಆ ದಾರಿಯನ್ನು ಕುರಿತು ನಾಲ್ಕು ಮಾತು ಬರೆಯಲು ನಮಗೊಂದು ಸ್ವಂತ ಕಾರಣವೂ ಇದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಬ್ಬ ತಾಯಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಪ್ರಶ್ನೆ ಕೇಳಿದ್ದಳು. ಅಂದು ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಅದನ್ನು ಮುಂದೆ ಹೇಳುತ್ತೇವೆ.

ಹಿರಣ್ಯಕೇಶಿಯ ದಂಡೆಯ ನಮ್ಮ ಆಜರಾ ಹಿಂದೆ ಇಚಲಕರಂಜಿಯ ಘೋರ್ಪಡೆಯವರ ಜಹಗೀರಿಗೆ ಸೇರಿತ್ತು. ಆ ಜಹಗೀರು ಕೊಲ್ಲಾಪುರ ಸಂಸ್ಥಾನದ ಅಧೀನದಲ್ಲಿತ್ತು. 1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಅದಕ್ಕೆ ಬೆಂಬಲವಾಗಿ ನಿಂತರು. ಮುಂದೆ ಆ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿತು. ಆಜರಾ, ಗಡಹಿಂಗ್ಲಜ, ಚಂದಗಡ, ಹುಕ್ಕೇರಿ ಭಾಗದ ಎಷ್ಟೋ ಮನೆಗಳ ಮಕ್ಕಳು ಹೊಲದ ಕೆಲಸ ತೀರಿದೊಡನೆ ಆ ಮಗ್ಗಗಳ ಕಡೆಗೆ ಹೊರಟರು. ಮನೆಮನೆಗೆ ಪಗಾರ ಬಂದಿತು. ಅದರ ಹಿಂದೆಯೇ ಬೆರಳು ಕಳೆದುಕೊಂಡು ಬಂದವರೂ ಇದ್ದರು.

ಇಂಥವರಿಗೆ ಮೊದಲು ಕಾನೂನಿನ ಆಸರೆ ಏನೂ ಇರಲಿಲ್ಲವೆಂದಲ್ಲ. 1855ರಷ್ಟು ಹಿಂದೆಯೇ ಮಾರಣಾಂತಿಕ ಅಪಘಾತಗಳ ಕಾಯ್ದೆಯೊಂದು ಬಂದಿತ್ತು. ಆದರೆ ಅದರಡಿ ಮಾಲೀಕನ ತಪ್ಪನ್ನು ಸಿವಿಲ್ ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕಾಗಿತ್ತು. ಕೂಲಿಕಾರನ ವಿಧವೆಗೆ ಅದು ಆಕಾಶಕ್ಕೆ ಏಣಿ ಹಾಕಿದಂತೆ. 1897ರಲ್ಲಿ ಇಂಗ್ಲೆಂಡು ಈ ಭಾರವನ್ನು ಇಳಿಸಿತು. ನಮ್ಮಲ್ಲಿ 1923ರ ಮಾರ್ಚ್ ತಿಂಗಳಲ್ಲಿ ಕಾರ್ಮಿಕ ಪರಿಹಾರ ಕಾಯ್ದೆಯಾಗಿ, 1924ರ ಜುಲೈ 1ರಿಂದ ಜಾರಿಗೆ ಬಂದಿತು. ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಸಾಕು. ಮಾಲೀಕನ ತಪ್ಪನ್ನು ತೋರಿಸಬೇಕಾಗಿಲ್ಲ. ಇದು ಆ ಕಾಯ್ದೆಯ ತಿರುಳು. ಯಾವ ಅಂಗ ಹೋದರೆ ಎಷ್ಟು ಪಾಲು ಎಂಬ ಪಟ್ಟಿಯೂ ಅದರಲ್ಲಿದೆ: ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ಎರಡೂ ಕೈಗಳಿಗೆ 100. ನಲವತ್ತು ವಯಸ್ಸಿನವನಿಗೆ ಲೆಕ್ಕದಲ್ಲಿ ಹಿಡಿಯುವ ತಿಂಗಳ ಪಗಾರ ರೂ. 15,000 ಎಂದಾದರೆ, ಅದರ ಶೇಕಡಾ 60ನ್ನು ವಯಸ್ಸಿನ ಗುಣಕವಾದ 184.17ರಿಂದ ಗುಣಿಸಿ, ಬಂದ ಮೊತ್ತದ ಶೇಕಡಾ 30 ತೆಗೆದರೆ ಹೆಬ್ಬೆರಳಿನ ಪರಿಹಾರ ರೂ. 4,97,259 ಆಗುತ್ತದೆ. ಗಣಿತ ಸರಳ. ಆದರೆ ಪಗಾರ ಎಷ್ಟು, ವಯಸ್ಸು ಎಷ್ಟು, ಅವನು ನಿಜವಾಗಿಯೂ ಆ ಮಾಲೀಕನ ಕೆಲಸಗಾರನೇ ಎಂಬುದನ್ನು ಸಾಕ್ಷ್ಯದಿಂದ ತೋರಿಸುವುದು ಸರಳವಲ್ಲ.

ಆ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕಾಗಿ ಮಾಡಿದ್ದು. ಸಂಸ್ಥಾನಗಳಿಗೆ ತಾನಾಗಿಯೇ ಅನ್ವಯಿಸುವಂಥದಲ್ಲ. 1949ರ ಮಾರ್ಚ್ 1ರಂದು ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬಳಿಕ ನಮ್ಮ ಸೀಮೆಯೂ ಆ ಪ್ರಾಂತದ ಕಾನೂನಿನ ವ್ಯಾಪ್ತಿಗೆ ಬಂದಿತು. ಆಗ ಬೆಳಗಾವಿಯವರಿಗೂ ನಮಗೂ ಉಚ್ಚ ನ್ಯಾಯಾಲಯ ಒಂದೇ, ಮುಂಬಯಿಯದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲೂಕೊಂದನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಹೋಯಿತು. ಹೀಗೆ ಒಂದೇ ನದಿಯ ನೀರು ಕುಡಿಯುವ ಬಂಧುಗಳಲ್ಲಿ ಅತ್ತಣವರ ಮೇಲ್ಮನವಿ ಬೆಂಗಳೂರಿಗೂ ಇತ್ತಣವರ ಮೇಲ್ಮನವಿ ಮುಂಬಯಿಗೂ ಹೋಗತೊಡಗಿತು.

ಇನ್ನು ಮೇಲ್ಮನವಿಯ ಸ್ವರೂಪ. ಪರಿಹಾರದ ವ್ಯಾಜ್ಯವನ್ನು ತೀರ್ಮಾನಿಸುವವರು ಕಾಯ್ದೆಯ ಪ್ರಕಾರ ನೇಮಕವಾದ ಆಯುಕ್ತರು. ಅವರ ಆದೇಶದ ಮೇಲೆ ಅರವತ್ತು ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಗಣನೀಯವಾದ ಕಾನೂನಿನ ಪ್ರಶ್ನೆಯೊಂದು ಇದ್ದರೆ ಮಾತ್ರ. ಮಾಲೀಕನು ಪರಿಹಾರದ ಆದೇಶದ ಮೇಲೆ ಹೋಗುವುದಾದರೆ ಮೊದಲು ಪೂರ್ತಿ ಹಣವನ್ನು ಆಯುಕ್ತರಲ್ಲಿ ಠೇವಣಿ ಇಟ್ಟಿರಬೇಕು. ಹಣವಂತನು ಬಡವನನ್ನು ಕೋರ್ಟಿನಿಂದ ಕೋರ್ಟಿಗೆ ಅಲೆಸಬಾರದೆಂಬ ಸದುದ್ದೇಶ ಇಲ್ಲಿದೆ. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಉಚ್ಚ ನ್ಯಾಯಾಲಯವು ಆಯುಕ್ತರು ನಿರ್ಧರಿಸಿದ ಸಂಗತಿಗಳನ್ನು ಮತ್ತೆ ತೂಗಿ ನೋಡಿದ್ದನ್ನು ಸುಪ್ರೀಂ ಕೋರ್ಟು 2016ರಲ್ಲಿ ಒಪ್ಪಲಿಲ್ಲ. ಸಂಗತಿಗಳ ವಿಷಯದಲ್ಲಿ ಆಯುಕ್ತರೇ ಕೊನೆಯ ಅಧಿಕಾರಿ ಎಂದಿತು. 2018ರಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿಯೂ ಅದೇ ನಿಲುವು: ಅಪಘಾತ ನಡೆಯಿತೇ, ಕೆಲಸದ ವೇಳೆಯಲ್ಲಿ ನಡೆಯಿತೇ, ಅವರಿಬ್ಬರೂ ಮಾಲೀಕ ಮತ್ತು ಕೆಲಸಗಾರರೇ, ವಯಸ್ಸೆಷ್ಟು, ಪಗಾರವೆಷ್ಟು, ಇವೆಲ್ಲ ಸಂಗತಿಯ ಪ್ರಶ್ನೆಗಳು, ಇವುಗಳ ಇತ್ಯರ್ಥ ಆಯುಕ್ತರ ಮುಂದೆಯೇ ಆಗತಕ್ಕದ್ದು.

ಇದು ಬಡವನಿಗೆ ಉಪಕಾರವೂ ಹೌದು, ಗಂಡಾಂತರವೂ ಹೌದು. ಗೆದ್ದವನ ಗೆಲುವು ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಮೊದಲ ಬಾಗಿಲಿನಲ್ಲಿ ಸಾಕ್ಷ್ಯ ತಪ್ಪಿದವನಿಗೆ ಮೇಲಿನ ಬಾಗಿಲು ತೆರೆಯುವುದು ಕಷ್ಟ. ಆದ್ದರಿಂದಲೇ ಮೊದಲ ಬಾಗಿಲಿನಲ್ಲಿ ಕುಳಿತವರು ಯಾರು, ಅವರ ಮನಸ್ಸು ಯಾವ ಕಡೆಗೂ ವಾಲದೆ ಇದೆಯೇ ಎಂಬ ಪ್ರಶ್ನೆಗೆ ಇಷ್ಟು ಬೆಲೆ.

ಈ ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಕನ್ನಡ ನೆಲದಲ್ಲಿಯೇ ಕುಳಿತು ಮಿತಾಕ್ಷರವನ್ನು ಬರೆದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು, ನ್ಯಾಯಸಭೆಯ ಸಭ್ಯರು ಶತ್ರುಮಿತ್ರರಲ್ಲಿ ಸಮಭಾವವುಳ್ಳವರಾಗಿರಬೇಕೆಂದು ವಿಧಿಸುತ್ತದೆ. ಅನುರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಸಭ್ಯರು ಧರ್ಮವನ್ನು ಮೀರಿದರೆ ಅವರಿಗೆ ದಂಡ ಇಮ್ಮಡಿ. ತಪ್ಪಾಗಿ ತೀರ್ಮಾನವಾದ ವ್ಯಾಜ್ಯವನ್ನು ಅರಸನು ಮರಳಿ ನೋಡಬೇಕೆಂಬ ವಿಧಿಯೂ ಅದರಲ್ಲಿದೆ. ಪಕ್ಷಪಾತದ ಆಕ್ಷೇಪಣೆ, ಮರುವಿಚಾರಣೆ ಎರಡನ್ನೂ ನಮ್ಮ ಹಿರಿಯರು ಅರಿತಿದ್ದರು.

ಇಂಗ್ಲೆಂಡಿನಲ್ಲಿ 1852ರಲ್ಲಿ ಒಂದು ಪ್ರಸಿದ್ಧ ಪ್ರಕರಣ ನಡೆಯಿತು. ಕಾಲುವೆ ಕಂಪನಿಯೊಂದರ ಪರವಾಗಿ ತೀರ್ಪಿತ್ತ ಲಾರ್ಡ್ ಚಾನ್ಸಲರ್ ಅದೇ ಕಂಪನಿಯ ಷೇರುಗಳನ್ನು ಹೊಂದಿದ್ದರು. ಅವರ ಮನಸ್ಸು ಕೆಟ್ಟಿತ್ತೆಂದು ಯಾರೂ ಹೇಳಲಿಲ್ಲ. ಆದರೂ ಅವರ ಆದೇಶ ರದ್ದಾಯಿತು. ನಮ್ಮ ಪರಿಹಾರ ಕಾಯ್ದೆ ಹುಟ್ಟಿದ ಅದೇ 1923ರ ನವೆಂಬರಿನಲ್ಲಿ ಸಸೆಕ್ಸ್ ಮ್ಯಾಜಿಸ್ಟ್ರೇಟರ ಪ್ರಕರಣ ತೀರ್ಪಾಯಿತು. ನ್ಯಾಯಾಲಯದ ಗುಮಾಸ್ತೆಯ ವಕೀಲಿ ಸಂಸ್ಥೆಯು ಅದೇ ಅಪಘಾತಕ್ಕೆ ಸಂಬಂಧಿಸಿದ ಇನ್ನೊಂದು ದಾವೆಯಲ್ಲಿ ಎದುರುಪಕ್ಷದ ಪರವಾಗಿತ್ತು. ತೀರ್ಪು ಯೋಚಿಸುವಾಗ ಅವನು ಒಳಕೋಣೆಯಲ್ಲಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಶಿಕ್ಷೆ ರದ್ದಾಯಿತು. ನ್ಯಾಯ ನಡೆದರೆ ಸಾಲದು, ನಡೆದದ್ದು ಕಣ್ಣಿಗೂ ಕಾಣಬೇಕು ಎಂಬ ತತ್ವ ಅಲ್ಲಿಂದ ಲೋಕಪ್ರಸಿದ್ಧವಾಯಿತು.

ಭಾರತದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು ಈ ತತ್ವಕ್ಕೆ ಇನ್ನೊಂದು ಮಾತನ್ನು ಕೂಡಿಸಿತು. ರಾಜಸ್ಥಾನದ ಒಬ್ಬ ವಕೀಲರ ವಿರುದ್ಧ ವಿಚಾರಣೆ ನಡೆಸಿದ ಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರನ ಪರವಾಗಿ ವಕಾಲತ್ತು ನಡೆಸಿದ್ದವರು. ಅಂಥವರು ಆ ಪೀಠದಲ್ಲಿ ಕೂಡತಕ್ಕದ್ದಲ್ಲವೆಂದು ನ್ಯಾಯಾಲಯ ಒಪ್ಪಿತು. ಆದರೆ ಆ ಸಂಗತಿ ಗೊತ್ತಿದ್ದೂ ವಕೀಲರು ಆರಂಭದಲ್ಲಿ ತಕರಾರು ಎತ್ತಲಿಲ್ಲ. ಸೋತ ಮೇಲೆ ಎತ್ತಿದರು. ಆದುದರಿಂದ ಆ ಹಕ್ಕನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟಂತಾಯಿತು ಎಂದು ತೀರ್ಪಾಯಿತು.

ಈ ತೀರ್ಪು ನಮಗೆ ಮೊದಲೇ ತಿಳಿದಿದ್ದರೆ! ನಾವು ಆಗ ಹುಕ್ಕೇರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು. ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ, ಮುತ್ತಿನಂಥ ಅಕ್ಷರದ ಹುಡುಗ, ಮಗ್ಗದ ಶೆಡ್ಡೊಂದರಲ್ಲಿ ಬಲಗೈ ಹೆಬ್ಬೆರಳನ್ನು ಕಳೆದುಕೊಂಡು ಬಂದ. ಪರಿಹಾರದ ಅರ್ಜಿ ಗಡಿಯಾಚೆಯ ಒಂದು ಊರಿನಲ್ಲಿ ನಡೆದಿತ್ತು. ನೋಟೀಸು ಮರಾಠಿಯಲ್ಲಿ, ಅದನ್ನು ಓದಿಸಲೆಂದು ಅವನ ತಾಯಿ ನಮ್ಮಲ್ಲಿಗೆ ಬರುತ್ತಿದ್ದಳು. ಒಂದು ದಿನ ಅಂಜುತ್ತಲೇ ಕೇಳಿದಳು: "ಗುರುಗಳ, ಆ ಸಾಹೇಬ್ರು ಮಾಲಕರ ಮನ್ಯಾಗ ಚಾ ಕುಡದು ಹೋಗ್ಯಾರಂತ ಮಂದಿ ಅಂತಾರ್ರೀ. ಹಿಂಗಾದ್ರ ನಮಗ ನ್ಯಾಯ ಹೆಂಗ ಸಿಗತೈತ್ರೀ?"

"ನ್ಯಾಯಪೀಠದ ಬಗ್ಗೆ ಹಂಗ ಮಾತಾಡಬಾರದವಾ. ಸುಮ್ಮನಿರು," ಎಂದೆವು ನಾವು.

ಅವಳು ಸುಮ್ಮನಿದ್ದಳು. ಹಾಜರಿ ಪಟ್ಟಿಯಲ್ಲಿ ಹುಡುಗನ ಹೆಸರಿರಲಿಲ್ಲ. ಅವನು ಆ ಶೆಡ್ಡಿನ ಕೆಲಸಗಾರನೆಂಬುದು ಸಿದ್ಧವಾಗಲಿಲ್ಲವೆಂದು ಅರ್ಜಿ ವಜಾ ಆಯಿತು. ರಾತ್ರಿ ಬಸ್ಸಿನಲ್ಲಿ ಅವಳೊಡನೆ ನಾವೂ ಮುಂಬಯಿಗೆ ಹೋದೆವು. ಅಲ್ಲಿಯ ವಕೀಲರು ಕಾಗದಗಳನ್ನೆಲ್ಲ ಓದಿ, ಇದು ಸಂಗತಿಯ ಪ್ರಶ್ನೆ, ಮೇಲ್ಮನವಿ ನಿಲ್ಲುವುದು ಕಷ್ಟ ಎಂದರು. ಆಗ ಅವಳು ಚಹದ ಮಾತನ್ನು ಹೇಳಿದಳು. "ಇದನ್ನು ಅಲ್ಲಿಯೇ, ಆವಾಗಲೇ ಏಕೆ ಬರೆದು ಕೊಡಲಿಲ್ಲ?" ಎಂದು ವಕೀಲರು ಕೇಳಿದರು. ಆ ತಾಯಿ ನಮ್ಮ ಮುಖವನ್ನೊಮ್ಮೆ ನೋಡಿದಳು. ಏನೂ ಹೇಳಲಿಲ್ಲ.

ಆ ಅಧಿಕಾರಿಗಳು ನಿಜವಾಗಿ ಪಕ್ಷಪಾತಿಗಳಾಗಿದ್ದರೆಂದು ನಾವು ಹೇಳುತ್ತಿಲ್ಲ. ಊರ ಮಾತು ಸುಳ್ಳಾಗಿರಲೂಬಹುದು. ಅಂದೇ ಕೇಳಿದ್ದರೆ ಅವರು ಅದನ್ನು ಅಲ್ಲಗಳೆಯುತ್ತಿದ್ದರು, ಇಲ್ಲವೇ ಪ್ರಕರಣ ಬೇರೊಬ್ಬರಿಗೆ ಹೋಗುತ್ತಿತ್ತು. ನಮ್ಮ ಮೌನದಿಂದ ಆ ತಾಯಿಗೂ ಅನ್ಯಾಯವಾಯಿತು, ಮೂವತ್ತು ವರ್ಷ ಸಂಶಯದ ನೆರಳನ್ನು ಹೊತ್ತ ಆ ಅಧಿಕಾರಿಗೂ ಅನ್ಯಾಯವಾಯಿತು. ನಾವು ಗೌರವವೆಂದು ತಿಳಿದದ್ದು ಅಂಜಿಕೆಯಾಗಿತ್ತು.

ಹಾಗೆಂದು ವಿರುದ್ಧವಾಗಿ ತೀರ್ಪಿತ್ತವರೆಲ್ಲ ಪಕ್ಷಪಾತಿಗಳಲ್ಲ. ಆಧಾರವಿಲ್ಲದೆ ನ್ಯಾಯಾಧೀಶರನ್ನು ನಿಂದಿಸುವುದು ಅಪರಾಧವೂ ಆದೀತು. ಹಣಕಾಸಿನ ಸಂಬಂಧ, ರಕ್ತಸಂಬಂಧ, ಗಾಢವಾದ ಸ್ನೇಹ, ಹಿಂದೆ ಅದೇ ಪ್ರಕರಣದಲ್ಲಿ ವಹಿಸಿದ ಪಾತ್ರ, ಇಂಥ ನಿರ್ದಿಷ್ಟವಾದ ಸಂಗತಿ ಇರಬೇಕು. ಬಂಧುಗಳು ಮತ್ತು ಸ್ನೇಹಿತರಿಗೆ ಸಂಬಂಧಿಸಿದ ವ್ಯಾಜ್ಯವನ್ನು ನ್ಯಾಯಾಧೀಶರು ಕೇಳಬಾರದೆಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ 1997ರ ಮೇ ತಿಂಗಳಲ್ಲಿ ತಮಗಾಗಿ ನಿಯಮ ಮಾಡಿಕೊಂಡಿದ್ದಾರೆ. ಅಂಥ ಸಂಗತಿ ತಿಳಿದ ಕೂಡಲೇ ವಕೀಲರ ಮೂಲಕ ವಿನಯದಿಂದ, ಲಿಖಿತವಾಗಿ, ಅದೇ ಪೀಠದ ಮುಂದೆ ಇಡಬೇಕು. ಪಗಾರದ ಚೀಟಿ, ಆಸ್ಪತ್ರೆಯ ಕಾಗದ, ಜೊತೆಗೆ ದುಡಿದವರ ಸಾಕ್ಷಿ, ಇವನ್ನೂ ಅಲ್ಲಿಯೇ ಒದಗಿಸಬೇಕು.

ದೂರ ಈಗ ಕಡಿಮೆಯಾಗಿದೆ. ಅತ್ತ ಧಾರವಾಡದಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಇತ್ತ ದಶಕಗಳ ಬೇಡಿಕೆಯ ಬಳಿಕ 2025ರ ಆಗಸ್ಟ್ 18ರಿಂದ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ಕೊಲ್ಲಾಪುರದಲ್ಲಿಯೇ ಕೂಡುತ್ತಿದೆ. ಆಜರಾದಿಂದ ಬೆಳಿಗ್ಗೆ ಎಸ್.ಟಿ. ಬಸ್ಸು ಹತ್ತಿದವರು ಸಂಜೆಗೆ ಮನೆ ಸೇರಬಹುದು. ಅದೇ ವರ್ಷದ ನವೆಂಬರ್ 21ರಿಂದ 1923ರ ಕಾಯ್ದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತೆಯ ಹೊಸ ಸಂಹಿತೆ ಬಂದಿದೆ. ಹೆಸರು ಬದಲಾದರೂ ಮೊದಲ ಬಾಗಿಲಿನ ಮಹತ್ವ ಬದಲಾಗಿಲ್ಲ.

ಕಾಯಕವನ್ನು ಕೈಲಾಸವೆಂದ ಶರಣರ ನಾಡಿನವರು ನಾವು. ಆ ತಾಯಿ ಈಗಿಲ್ಲ. ನಮ್ಮ ವಿದ್ಯಾರ್ಥಿ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ; ಎಡಗೈಯಿಂದ ಲೆಕ್ಕ ಬರೆಯುವುದನ್ನು ಕಲಿತಿದ್ದಾನೆ. ಅಕ್ಷರ ಮೊದಲಿನಷ್ಟು ದುಂಡಗಿಲ್ಲ. ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ನೊಂದವರು ನಿಮ್ಮ ಕಟ್ಟೆಗೆ ಬಂದು ಇಂಥ ಪ್ರಶ್ನೆ ಕೇಳಿದರೆ ಸುಮ್ಮನಿರಿ ಎನ್ನಬೇಡಿರಿ. ಒಂದು ಹಾಳೆ ತೆಗೆದುಕೊಂಡು, ಅವರು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದು, ಅಂದೇ ವಕೀಲರ ಬಳಿಗೆ ಕರೆದುಕೊಂಡು ಹೋಗಿರಿ.