ತುಂಗಭದ್ರೆಯ ಹೂಳು: ಪ್ರವಾಹದ ದಿನಗಳ ಲೆಕ್ಕ

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲತೊಡಗಿದಾಗ ಅದರ ಸಾಮರ್ಥ್ಯ 132.47 ಟಿಎಂಸಿ ಅಡಿ. 2008ರ ಸಮೀಕ್ಷೆಯಲ್ಲಿ ಅದು 100.855ಕ್ಕೆ ಇಳಿದಿತ್ತು. 2016ರ ಸಮೀಕ್ಷೆಯಲ್ಲಿ 105.788 ಎಂದು ಬಂತು. ಇಷ್ಟು ದೊಡ್ಡ ಪ್ರಮಾಣದ ಹೂಳು ಎಂಟು ವರ್ಷಗಳಲ್ಲಿ ತಾನಾಗಿ ಹೊರಟುಹೋಗಲು ಕಾರಣವೇ ಇಲ್ಲ. ಆದ್ದರಿಂದ ಈ ಸುಮಾರು 5 ಟಿಎಂಸಿ ಏರಿಕೆಯನ್ನು ಬಹುಮಟ್ಟಿಗೆ ಅಳತೆಯ ಕ್ರಮದ ವ್ಯತ್ಯಾಸವೆಂದೇ ಓದಬೇಕು. 2008ರ ಅಂಕಿಯನ್ನು ನಂಬಿದರೆ ವರ್ಷಕ್ಕೆ 0.57 ಟಿಎಂಸಿಯಷ್ಟು ಜಾಗ ಹೂಳಿನ ಪಾಲಾಗಿದೆ. 2016ರದನ್ನು ನಂಬಿದರೆ 0.42. ಮುಂದಿನ ಮೂವತ್ತು ವರ್ಷಗಳ ಅಂದಾಜಿನಲ್ಲಿ ಈ ಅಂತರವೇ ನಾಲ್ಕೂವರೆ ಟಿಎಂಸಿಗೆ ಬೆಳೆಯುತ್ತದೆ. 1976ರ ಬಚಾವತ್ ನ್ಯಾಯಮಂಡಳಿಯ ತೀರ್ಪು ಈ ಯೋಜನೆಯಿಂದ 212 ಟಿಎಂಸಿ ಬಳಕೆಗೆ ಅವಕಾಶ ಕೊಟ್ಟು ಕರ್ನಾಟಕಕ್ಕೆ 138.99, ಅಂದಿನ ಆಂಧ್ರಕ್ಕೆ 73.01 ಎಂದು ಹಂಚಿತು. ಹಂಚಿಕೆ ಕಾಗದದ ಮೇಲೆ ಹಾಗೆಯೇ ಉಳಿದಿದೆ, ಅದನ್ನು ಹಿಡಿದಿಡುವ ಪಾತ್ರೆ ಕುಗ್ಗಿದೆ.

ಹವಾಮಾನ ಬದಲಾವಣೆಯ ಪ್ರಶ್ನೆ ಸೇರಿಕೊಳ್ಳುವುದು ಇಲ್ಲಿ. ನದಿಯ ಹರಿವಿಗೂ ಅದು ಹೊತ್ತು ತರುವ ಮಣ್ಣಿಗೂ ಇರುವ ಸಂಬಂಧ ನೇರ ಅನುಪಾತದ್ದಲ್ಲ. ಹರಿವು ಇಮ್ಮಡಿಯಾದರೆ ಮಣ್ಣು ಎಷ್ಟೋ ಸಲ ನಾಲ್ಕು ಪಟ್ಟಾಗುತ್ತದೆ. ಎರಡು ದಿನ ಹಂಚಿಕೊಂಡು ಬರಬೇಕಾದ ನೀರು ಒಂದೇ ದಿನ ನುಗ್ಗಿದರೆ, ನೀರಿನ ಮೊತ್ತ ಬದಲಾಗದೆಯೂ ಹೂಳು ಇಮ್ಮಡಿಯಾಗುತ್ತದೆ ಎಂದರ್ಥ. ವಾತಾವರಣದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದುಕೊಳ್ಳಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಳೆ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವ ಸಾಧ್ಯತೆಯೂ ಅದರೊಂದಿಗೆ ಹೆಚ್ಚುತ್ತದೆ. ವಾರ್ಷಿಕ ಸರಾಸರಿ ಮಳೆಯನ್ನು ಹಿಡಿದು ಹೂಳಿನ ಅಂದಾಜು ಮಾಡುವ ರೂಢಿ ಇನ್ನು ಸಾಲದು. ಸುಮಾರು 28,000 ಚದರ ಕಿಲೋಮೀಟರಿನ ಈ ಜಲಾನಯನದಲ್ಲಿ ಮಲೆನಾಡಿನ ತುಂಗೆ, ಭದ್ರೆಯರ ಜೊತೆಗೆ ವರದಾ, ಕುಮುದ್ವತಿಗಳೂ ಇವೆ. ಭದ್ರೆಯ ಮಣ್ಣಿನ ಹೆಚ್ಚಿನ ಪಾಲನ್ನು ಲಕ್ಕವಳ್ಳಿಯ ಅಣೆಕಟ್ಟೆ ಮೇಲೆಯೇ ತಡೆಯುತ್ತದೆ. ವರದೆಗೆ ಅಂಥ ದೊಡ್ಡ ತಡೆಯಿಲ್ಲ. ಮುಂಗಾರಿನ ಆರಂಭದಲ್ಲಿ ಹಾವೇರಿ ಸೀಮೆಯ ಹೊಲಗಳು ಉತ್ತು ಬಿತ್ತಿ ಬೋಳಾಗಿರುತ್ತವೆ. ಆ ಹೊತ್ತಿನ ಕೆಂಪು ಹೊಳೆಯೇ ನನ್ನ ದೃಷ್ಟಿಯಲ್ಲಿ ಹೂಳಿನ ಅಧ್ಯಯನದ ಮುಖ್ಯ ವಸ್ತುವಾಗಬೇಕು.

ಹೂಳು ಅಣೆಕಟ್ಟೆಯ ಬುಡದಲ್ಲಿ, ಬಳಕೆಗೆ ಬಾರದ ತಳದ ನೀರಿನ ಜಾಗದಲ್ಲಿ ಮಾತ್ರ ಕೂರುತ್ತದೆ ಎಂಬ ನಂಬಿಕೆ ಹಳೆಯದು. ಆದರೆ ನದಿ ಹಿನ್ನೀರಿಗೆ ಸೇರುವಲ್ಲಿಯೇ ವೇಗ ಕುಸಿಯುತ್ತದೆ. ದಪ್ಪ ಮರಳು, ರೇವೆ ಅಲ್ಲಿಯೇ ಬೀಳುತ್ತದೆ, ನಯವಾದ ಜೇಡಿ ಮಾತ್ರ ಮುಂದೆ ಸಾಗುತ್ತದೆ. ಅಂದರೆ ಬೆಳೆಗೆ ಹರಿಸುವ ನೀರಿನ ಜಾಗವೇ ಮೊದಲಿನಿಂದಲೂ ತುಂಬುತ್ತಾ ಬರುತ್ತದೆ.

ಹೂಳೆತ್ತುವ ಬೇಡಿಕೆ ನ್ಯಾಯವಾದದ್ದು. 2017ರ ಬೇಸಿಗೆಯಲ್ಲಿ ರೈತರೇ ಸ್ವಂತ ಹಣ ಹಾಕಿ ಈ ಕೆಲಸಕ್ಕೆ ಇಳಿದದ್ದನ್ನು ಗೌರವದಿಂದ ನೆನೆಯಬೇಕು. ಆದರೂ ಲೆಕ್ಕ ಕಠಿಣವಾಗಿದೆ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಕಡಿಮೆ ಅಂದಾಜಿನ 0.42 ಟಿಎಂಸಿಯನ್ನೇ ಹಿಡಿದರೂ ವರ್ಷಕ್ಕೆ 1.2 ಕೋಟಿ ಘನ ಮೀಟರ್ ಹೂಳು ಸೇರುತ್ತದೆ. ಒಂದು ಟಿಪ್ಪರ್ 10 ಘನ ಮೀಟರ್ ಒಯ್ದರೆ 12 ಲಕ್ಷ ಲೋಡು. ಬೇಸಿಗೆಯ 120 ದಿನ ಬಿಡುವಿಲ್ಲದೆ ದಿನಕ್ಕೆ 10,000 ಲೋಡು ಸಾಗಿಸಿದರೆ ಆ ವರ್ಷದ ಹೂಳು ಮಾತ್ರ ಹೊರಬಿದ್ದಂತಾಗುತ್ತದೆ. ಹಳೆಯದು ಇದ್ದಲ್ಲಿಯೇ ಇರುತ್ತದೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿ ಊರಿನ ಅಳತೆಗೆ ಸರಿಯಾಗಿತ್ತು. ಜಲಾನಯನದ ಮೇಲ್ಭಾಗದ ಕೆರೆಗಳಲ್ಲಿ ಅದನ್ನು ಮತ್ತೆ ನಡೆಸಿದರೆ ನದಿಗೆ ಇಳಿಯುವ ಮಣ್ಣನ್ನು ಅಲ್ಲಿಯೇ ತಡೆಯಬಹುದು, ಖರ್ಚೂ ಕಡಿಮೆ. ಕೊಪ್ಪಳ ಜಿಲ್ಲೆಯ ನವಲಿ ಬಳಿ ಪ್ರಸ್ತಾಪವಾಗಿರುವ ಸಮತೋಲನ ಜಲಾಶಯ ಕಳೆದುಹೋದ ಜಾಗಕ್ಕೆ ಬದಲಿ ಕೊಡಬಹುದು. ಹೂಳು ಬರುವುದನ್ನು ಅದು ನಿಲ್ಲಿಸುವುದಿಲ್ಲ.

ಉಳಿದದ್ದು, ಹೂಳನ್ನು ಕೂರಲು ಬಿಡದೆ ನೀರಿನೊಂದಿಗೇ ಸಾಗಿಸುವ ದಾರಿ. ಚೀನಾದಲ್ಲಿ ಹಳದಿ ನದಿಯ ಸನ್‌ಮೆನ್‌ಶಿಯಾ ಅಣೆಕಟ್ಟೆ 1960ರಲ್ಲಿ ನೀರು ಹಿಡಿದ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತತ್ತರಿಸಿತು. ತಳದ ದ್ವಾರಗಳನ್ನು ಮತ್ತೆ ತೆರೆದು, ಕೆಸರು ನೀರನ್ನು ಬಿಟ್ಟು ತಿಳಿನೀರನ್ನು ಹಿಡಿಯುವ ಕ್ರಮಕ್ಕೆ ಬಂದ ಮೇಲೆಯೇ ಅದು ಉಳಿದದ್ದು. ತುಂಗಭದ್ರೆಯಲ್ಲಿ ಇದಕ್ಕೆ ರಚನೆಯದೇ ಅಡ್ಡಿಯಿದೆ. ಅದರ 33 ಕ್ರಸ್ಟ್‌ಗೇಟುಗಳ ಎತ್ತರ 20 ಅಡಿ. 1,633 ಅಡಿ ಪೂರ್ಣಮಟ್ಟದ ಜಲಾಶಯದಲ್ಲಿ ಅವು ಬಿಡುವುದು ಮೇಲ್ಪದರದ ನೀರನ್ನು. ಜೇಡಿ ತುಂಬಿದ ಭಾರದ ನೀರು ಕೆಳಗೇ ನಿಲ್ಲುತ್ತದೆ. ಮಟ್ಟ ಕೆಳಗಿರುವಾಗ ಮೊದಲ ಪ್ರವಾಹವನ್ನು ದಾಟಿಸಲು ಅಷ್ಟು ನೀರು ಹೊರಬಲ್ಲ ತಳದ್ವಾರಗಳೂ ಬೇಕು.

ದ್ವಾರಗಳಿದ್ದರೂ ಪ್ರಶ್ನೆ ಮುಗಿಯದು. ಸಸಿಮಡಿಗೆ ಜುಲೈನಲ್ಲಿ ನೀರು ಕೇಳುವ ರೈತನಿಗೆ, ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರದವರಿಗೆ, ಕೆಸರೆಂದು ಬಿಟ್ಟ ನೀರು ಕಳೆದುಕೊಂಡ ನೀರೇ. 2023ರಂತಹ ಬರದ ವರ್ಷದಲ್ಲಿ ಅದು ಕ್ರೂರ ನಿರ್ಧಾರವಾಗುತ್ತದೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ನೀರುನಾಯಿಗಳ ಸಂರಕ್ಷಿತ ಪ್ರದೇಶವಿದೆ; ಒಮ್ಮೆಗೇ ಹೊರಬಂದ ದಟ್ಟ ಕೆಸರು ಮೀನುಗಳ ಉಸಿರು ಕಟ್ಟಿಸುತ್ತದೆ. ಹಾಗಾಗಿ ಈ ಬಿಡುಗಡೆ ಪ್ರತಿ ವರ್ಷದ ನಿಯಮವಾಗದೆ, ಮುನ್ಸೂಚನೆಯಲ್ಲಿ ಒಳಹರಿವು ಖಾತ್ರಿಯಾದ ವರ್ಷಗಳಿಗೆ ಮಾತ್ರ ಸೀಮಿತವಾಗಬೇಕು. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕೊನೆ ಭಾಗದ ರೈತರ ಒಪ್ಪಿಗೆಯೊಂದಿಗೇ ಅದು ತೀರ್ಮಾನವಾಗಬೇಕು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದ ಮೇಲೆ ಎಲ್ಲ ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. 2025ರಲ್ಲಿ ಸಂಗ್ರಹವನ್ನು ಸುರಕ್ಷತೆಗಾಗಿ 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಕೆಳಮಟ್ಟದಲ್ಲಿ ಪ್ರವಾಹ ದಾಟಿದ ಆ ಮಳೆಗಾಲ ಸಂಶೋಧಕರಿಗೆ ಅಪರೂಪದ ಪ್ರಯೋಗ. ಒಳಬಂದ ಕೆಸರೆಷ್ಟು, ಹೊರಹೋದದ್ದೆಷ್ಟು ಎಂಬುದನ್ನು ಪೂರ್ಣಮಟ್ಟದವರೆಗೆ ತುಂಬಿದ ವರ್ಷಗಳೊಂದಿಗೆ ಹೋಲಿಸಿದರೆ ಮಟ್ಟ ಕೆಳಗಿಟ್ಟು ಪ್ರವಾಹ ದಾಟಿಸುವ ನಿಯಮ ಎಷ್ಟು ಫಲ ಕೊಡುತ್ತದೆಂಬುದಕ್ಕೆ ಸ್ಥಳೀಯ ಆಧಾರ ಸಿಗುತ್ತದೆ. ಅದಕ್ಕಾಗಿ ಪ್ರವಾಹದ ದಿನಗಳಲ್ಲಿ ಗಂಟೆಗೊಮ್ಮೆ ಕೆಸರಿನ ಮಾದರಿ ತೆಗೆಯುವ ಕೇಂದ್ರಗಳು ವರದೆಯ ಮೇಲೂ ಅಣೆಕಟ್ಟೆಯ ಕೆಳಗೂ ಇರಬೇಕು. ಮುಂದಿನ ಸಾಮರ್ಥ್ಯ ಸಮೀಕ್ಷೆ 2016ರ ಕ್ರಮದಲ್ಲಿಯೇ, ಅದೇ ಅಡ್ಡಗೆರೆಗಳ ಮೇಲೆ ನಡೆಯಬೇಕು.