ಅವ್ವನ ಕೋಳಿ, ಅಜ್ಜಿಯ ಬೂದಿ

ಹೇನಿನ ವಿಷಯ ಬರೆಯುತ್ತೇನೆಂದರೆ ಮೂಗು ಮುರಿಯಬೇಡಿ. ಭಾನುವಾರ ಮಧ್ಯಾಹ್ನ ಅವ್ವನ ಮುಂದೆ ತಲೆ ಬಗ್ಗಿಸಿ ಕೂತು, ಸೀರಣಿಗೆ ಎಳೆದಾಗಲೆಲ್ಲ ಕಣ್ಣಲ್ಲಿ ನೀರು ತಂದುಕೊಂಡವರೇ ನಾವೆಲ್ಲ. ಆದರೆ ನಾನು ಹೇಳಹೊರಟದ್ದು ನಮ್ಮ ತಲೆಯ ಹೇನಿನದಲ್ಲ, ನಮ್ಮವ್ವನ ಕೋಳಿಗಳ ಹೇನಿನದು. ಅದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಪುಟದಲ್ಲಿ ನನ್ನದೂ ಒಂದು ತಪ್ಪು ಇದೆ.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಬಂದದ್ದು 1930ರ ದಶಕದಿಂದ ಈಚೆಗೆ. ಗಿರಣಿಯ ಜೊತೆಗೆ ವಠಾರಗಳೂ ಬಂದವು. ನಮ್ಮದೂ ಅಂಥದೇ ಒಂದು ವಠಾರದ ಮನೆ. ಅಪ್ಪ ಪಾಳಿಯ ಮೇಲೆ ಗಿರಣಿಗೆ ಹೋಗುತ್ತಿದ್ದರು. ಹಿತ್ತಲೆಂದರೆ ಒಂದು ಒಗೆಯುವ ಕಲ್ಲು, ಒಂದು ನುಗ್ಗೆ ಮರ, ಅವ್ವನ ಆರು ಜವಾರಿ ಕೋಳಿ. ಅಪ್ಪನ ಪಗಾರ ಅಕ್ಕಿ, ಜೋಳ, ಬಾಡಿಗೆಗೆ ಸರಿಹೋಗುತ್ತಿತ್ತು. ಮೊಟ್ಟೆ ಮಾರಿದ ದುಡ್ಡು ಮಾತ್ರ ಅವ್ವನದು. ಅದು ಸಾಸಿವೆ ಡಬ್ಬಿಯಲ್ಲಿ ಇರುತ್ತಿತ್ತು. ನನ್ನ ಪಾಟಿ, ಪುಸ್ತಕ, ಜಾತ್ರೆಗೆ ಹೊಸ ಲಂಗ ಎಲ್ಲ ಬಂದದ್ದು ಆ ಡಬ್ಬಿಯಿಂದಲೇ. ಮೊಟ್ಟೆ ಮುಟ್ಟದ ಮನೆಯವರೂ ಕೆಲವೊಮ್ಮೆ ಹಿಂದಿನ ಬಾಗಿಲಿಗೆ ಬಂದು, ಸೊರಗಿದ ಕೂಸಿಗೆಂದು ಎರಡು ಮೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು.

ಕೋಳಿ ಸಾಕುವ ವಿದ್ಯೆ ಅವ್ವನಿಗೆ ಬಂದದ್ದು ಹರಿಹರದ ತೌರಿನಿಂದ. ಅಜ್ಜಿಯ ಮನೆ ಹೊಳೆಗೆ ಹತ್ತಿರ. ಆಕೆಯ ಹಿತ್ತಲ ಮೂಲೆಯಲ್ಲಿ, ಸೂರಿನ ಕೆಳಗೆ ಮಳೆ ತಾಗದ ಹಾಗೆ, ಒಂದು ಬೂದಿಗುಂಡಿ ಇತ್ತು. ಆರಿದ ಒಲೆಬೂದಿ ಒಂದು ಪಾಲು, ತುಂಗಭದ್ರೆಯ ಮರಳು ಎರಡು ಪಾಲು. ಬಿಸಿಲೇರಿದ ಮೇಲೆ ಕೋಳಿಗಳು ಒಂದೊಂದಾಗಿ ಬಂದು ಅದರಲ್ಲಿ ಮಲಗಿ, ರೆಕ್ಕೆ ಕೆದರಿ, ಪುಕ್ಕದೊಳಗೆಲ್ಲ ಧೂಳು ತುಂಬಿಕೊಂಡು ಎದ್ದು ಕೊಡವಿಕೊಳ್ಳುತ್ತಿದ್ದವು.

ಅಜ್ಜಿ ಹೇನನ್ನೂ ನುಸಿಯನ್ನೂ ಒಂದೇ ಎಂದು ತಿಳಿದವಳಲ್ಲ. ಹೇನು ಕೋಳಿಯ ಮೈಮೇಲೇ ಹುಟ್ಟಿ ಮೈಮೇಲೇ ಸಾಯುತ್ತದೆ. ಪುಕ್ಕದ ಬುಡದಲ್ಲಿ ಗುಂಪುಗುಂಪಾಗಿ ಸೀರು ಇಡುತ್ತದೆ. ಕೆಂಪು ನುಸಿ ಹಾಗಲ್ಲ. ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ ಮತ್ತೆ ಬಿರುಕು ಸೇರುತ್ತದೆ. ಅಜ್ಜಿ ರಾತ್ರಿ ಲಾಟೀನು ಹಿಡಿದು, ಕೋಳಿ ಕೂರುವ ಕೋಲಿನ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು ಗೀರು ಬಿದ್ದರೆ ಮರುದಿನವೇ ಗೂಡು ಖಾಲಿ. ಒಳಗಿನ ಹುಲ್ಲಿಗೆಲ್ಲ ಬೆಂಕಿ, ಬಿರುಕಿಗೆಲ್ಲ ಸುಣ್ಣ. ಕಾವಿಗೆ ಕೂರಿಸುವ ಮಂಕರಿಗೆ ತಳದಲ್ಲಿ ಬೂದಿ, ಮೇಲೆ ಹೊಸ ಹುಲ್ಲು. ಮರಿ ಎದ್ದ ದಿನವೇ ಆ ಹುಲ್ಲೂ ಒಲೆಗೆ. “ಕೋಳಿ ಮೈ ಕೋಳಿ ನೋಡಿಕೊಳ್ತೈತಿ, ನೀ ಅದರ ಮನಿ ನೋಡಿಕೊ” ಎನ್ನುವುದು ಅವಳ ಮಾತು.

ಓದು ಬರಹ ಬಾರದ ಅಜ್ಜಿಯ ಈ ಮಾತಿಗೆ ಎಷ್ಟು ಹಳೆಯ ಸಾಕ್ಷಿಗಳಿವೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆಯುತ್ತ, ಹಕ್ಕಿಗಳಿಗೂ ಹೇನಾಗುತ್ತದೆ, ಕೋಳಿಯ ಜಾತಿಗೇ ಸೇರಿದ ಫೆಸೆಂಟ್ ಹಕ್ಕಿ ಧೂಳಿನಲ್ಲಿ ಹೊರಳದಿದ್ದರೆ ಹೇನಿನಿಂದಲೇ ಸಾಯುತ್ತದೆ ಎಂದಿದ್ದಾನೆ. ಒಂದನೇ ಶತಮಾನದ ರೋಮಿನ ಕೊಲುಮೆಲ್ಲಾ ಎಂಬ ಕೃಷಿ ಗ್ರಂಥಕಾರ, ಕೋಳಿಯಂಗಳದಲ್ಲಿ ಸೂರಿರುವ ಕಡೆ ಗೋಡೆಯ ಬದಿಗೆ ಒಣ ಧೂಳು ಮತ್ತು ಬೂದಿ ಇಡಿ ಎಂದು ಬರೆದಿದ್ದಾನೆ. ಸೂರಿನ ಕೆಳಗೆ, ಗೋಡೆಯ ಬದಿಗೆ, ಬೂದಿ: ನಮ್ಮಜ್ಜಿಯ ಹಿತ್ತಲನ್ನೇ ನೋಡಿ ಬರೆದಂತಿದೆ! ವಿಜ್ಞಾನಿಗಳು ಇವಕ್ಕೆ ಹೆಸರಿಟ್ಟದ್ದು ಆಮೇಲೆ. ಕೋಳಿ ಹೇನಿಗೆ ಸ್ವೀಡನ್ನಿನ ಲಿನೇಯಸ್ 1758ರಲ್ಲಿ, ಕೆಂಪು ನುಸಿಗೆ ಅದೇ ದೇಶದ ದ ಗೇರ್ 1778ರಲ್ಲಿ.

ಇಷ್ಟು ಕಾಲ ಬಾಳಿದ ಬೂದಿಯನ್ನು ಹಿತ್ತಲಿಂದ ಹೊರಹಾಕಿದ್ದು ಬಿಳಿ ಪುಡಿ. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆಂದು ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದ. 1948ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಪಂಪು ಹೊತ್ತವರು ಮನೆಮನೆಯ ಗೋಡೆಗೆ ಅದನ್ನು ಹೊಡೆದರು. ಚಳಿಜ್ವರ ಕಡಿಮೆಯಾಯಿತು, ಅದು ಸುಳ್ಳಲ್ಲ. ಸೊಳ್ಳೆ ಸತ್ತದ್ದನ್ನು ಕಂಡ ಜನಕ್ಕೆ ಪುಡಿಯ ಮೇಲೆ ನಂಬಿಕೆ ಬಂತು. ಅದರ ಬೆನ್ನಿಗೇ ಬಿ.ಎಚ್.ಸಿ. ಪುಡಿ ಹೊಲಕ್ಕೆಂದು ಬಂದು ಮನೆಯನ್ನೂ ಹೊಕ್ಕಿತು. ನಮ್ಮಲ್ಲಿ ಅದು ತಿಗಣೆಗೆ, ಇರುವೆಗೆ, ಕೊನೆಗೆ ನನ್ನ ತಲೆಗೂ ಬಂತು. ಅವ್ವ ರಾತ್ರಿ ಕೂದಲ ಬುಡಕ್ಕೆ ಪುಡಿ ತಿಕ್ಕಿ ಬಟ್ಟೆ ಕಟ್ಟಿ ಮಲಗಿಸುತ್ತಿದ್ದಳು. “ಕೋಳಿ ಸಾಕಿದ ಮನಿ, ಹುಡುಗಿ ತಲೆ ತುಂಬ ಹೇನು” ಎಂಬ ಓಣಿಯ ಮಾತು ಅವಳಿಗೆ ನಾಟಿತ್ತು. ಕೋಳಿಯ ಹೇನು ಮನುಷ್ಯರ ತಲೆಯಲ್ಲಿ ಬಾಳುವುದಿಲ್ಲ, ನಮ್ಮ ಹೇನು ಕೋಳಿಯ ಮೇಲೆ ಬಾಳುವುದಿಲ್ಲ ಎಂದು ಆಗ ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಕೆಂಪು ನುಸಿ ಮಾತ್ರ ನಮ್ಮನ್ನೂ ಕಚ್ಚಿ ತುರಿಸುತ್ತದೆ, ಅಷ್ಟೆ.

1972ರಲ್ಲಿ ನನಗೆ ಹತ್ತು ವರ್ಷ. ಅವ್ವನ ಕಪ್ಪು ಹೇಂಟೆ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು. ಎರಡು ವಾರ ಕಳೆದ ಮೇಲೆ ಅದು ರಾತ್ರಿ ರಾತ್ರಿ ಎದ್ದು ನಿಲ್ಲತೊಡಗಿತು. ಮಂಕರಿಯಲ್ಲಿ ಕೈಯಿಟ್ಟರೆ ಮೈಯೆಲ್ಲ ತುರಿಕೆ. ಅಜ್ಜಿಯಾಗಿದ್ದರೆ ಹುಲ್ಲು ಬದಲಿಸುತ್ತಿದ್ದಳು. ಅವ್ವ ಆ ದಿನ ನೆಂಟರ ಮನೆಗೆ ಹೋಗಿದ್ದಳು. ನನ್ನ ತಲೆಗೆ ಒಳ್ಳೆಯದಾದ ಪುಡಿ ಕೋಳಿಗೂ ಒಳ್ಳೆಯದೇ ಎಂದುಕೊಂಡು, ಎರಡು ಮುಷ್ಟಿ ಪುಡಿಯನ್ನು ಮಂಕರಿಗೂ ಹೇಂಟೆಯ ಹೊಟ್ಟೆಯ ಅಡಿಗೂ ಸುರಿದೆ. ಅವ್ವ ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಹೇಂಟೆ ಕಾಲು ಚಾಚಿ ನಡುಗುತ್ತಿತ್ತು. ಸಂಜೆಗೆ ಸತ್ತುಹೋಯಿತು. ಮೊಟ್ಟೆಗಳನ್ನು ಬೇರೆ ಕೋಳಿಯ ಅಡಿಗಿಟ್ಟರೂ ಒಂದೂ ಮರಿಯಾಗಲಿಲ್ಲ. ಅವ್ವ ಬೈಯಲಿಲ್ಲ. “ಏನ್ ಹಾಕಿದ್ದೆವ್ವಾ?” ಎಂದಳು. ನಾನು ಡಬ್ಬಿ ತೋರಿಸಿದೆ. ಅವಳು ಡಬ್ಬಿಯನ್ನು ನೋಡಿದಳು, ನನ್ನ ತಲೆಯನ್ನು ನೋಡಿದಳು. ಆಮೇಲೆ ಹಂಡೆಗೆ ಉರಿ ಹಾಕಿ, ಕತ್ತಲಾಗಿದ್ದರೂ ನನ್ನನ್ನು ಬಚ್ಚಲಿಗೆ ಎಳೆದೊಯ್ದು ಸೀಗೆಪುಡಿ ಹಾಕಿ ತಲೆ ತಿಕ್ಕಿದಳು. ಒಮ್ಮೆಯಲ್ಲ, ಮೂರು ಸಲ. ಶಿಕ್ಷೆ ಕೊಡುತ್ತಿದ್ದಾಳೆಂದೇ ನಾನು ಅತ್ತೆ. ಸಾಸಿವೆ ಡಬ್ಬಿ ಆ ವರ್ಷ ಪೂರ್ತಿ ಹಗುರವಾಗಿಯೇ ಇತ್ತು. ದುಗ್ಗಮ್ಮನ ಜಾತ್ರೆಗೆ ನನಗೆ ಹಳೆಯ ಲಂಗವೇ ಗತಿಯಾಯಿತು.

ಸರ್ಕಾರ ಬೇಸಾಯದಲ್ಲಿ ಡಿಡಿಟಿ ಬಳಸಬಾರದೆಂದದ್ದು 1989ರಲ್ಲಿ, ಬಿ.ಎಚ್.ಸಿ.ಯನ್ನು ನಿಷೇಧಿಸಿದ್ದು 1997ರಲ್ಲಿ. ನಮ್ಮ ದಾವಣಗೆರೆ ಜಿಲ್ಲೆಯಾದದ್ದೂ ಅದೇ ವರ್ಷ. ಅವ್ವ ಆ ಡಬ್ಬಿಯನ್ನು ಇಪ್ಪತ್ತೈದು ವರ್ಷ ಮೊದಲೇ ಊರಾಚೆ ಹೂಳಿಸಿದ್ದಳು. ಪುಡಿಯ ಆಸೆ ನಮಗೆ ಮಾತ್ರ ಎಂದುಕೊಳ್ಳಬೇಡಿ. 2017ರಲ್ಲಿ ಹಾಲೆಂಡ್, ಬೆಲ್ಜಿಯಂ ದೇಶಗಳ ಕೋಳಿ ಫಾರಂಗಳಲ್ಲಿ ಇದೇ ಕೆಂಪು ನುಸಿಯನ್ನು ಕೊಲ್ಲಲು ಫಿಪ್ರೊನಿಲ್ ಎಂಬ ವಿಷವನ್ನು ಕಾನೂನು ಮೀರಿ ಬಳಸಿ, ಅದು ಮೊಟ್ಟೆಯೊಳಗೆ ಸೇರಿ, ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆದು ನಾಶ ಮಾಡಬೇಕಾಯಿತು.

ಬೂದಿಗೂ ಈಗ ಮರ್ಯಾದೆ ಬಂದಿದೆ. ಕೋಳಿಗಳ ಧೂಳುಸ್ನಾನವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಮರಳಿನ ಜೊತೆ ಸಿಲಿಕಾ ಇರುವ ನುಣ್ಣನೆಯ ಮಣ್ಣನ್ನೋ ಜೇಡಿಯನ್ನೋ ಗಂಧಕವನ್ನೋ ಬೆರೆಸಿದ ಪೆಟ್ಟಿಗೆ ಇಟ್ಟರೆ, ಹೊರಳುವ ಕೋಳಿಗಳಲ್ಲಿ ಹೇನು, ನುಸಿ ಇಳಿಯುತ್ತವೆಂದು ಕಂಡುಬಂತು. ಅಂಥ ಪುಡಿ ಹುಳದ ಮೈಯ ಮೇಣವನ್ನು ಹೀರಿ ಒಣಗಿಸುತ್ತದೆ. ಭದ್ರಾ ನಾಲೆ ಬಂದು ಭತ್ತ ಹೆಚ್ಚಿದ ಮೇಲೆ ನಮ್ಮೂರ ಸುತ್ತ ಹೊಟ್ಟಿಗೇನು ಬರ? ಆ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾವೇ.

ಅವ್ವ ಈಗಿಲ್ಲ. ತೀರಿಕೊಳ್ಳುವ ಎರಡು ವರ್ಷ ಮುಂಚೆ ನಾನೇ ಆ ಹೇಂಟೆಯ ಮಾತು ತೆಗೆದಿದ್ದೆ. “ಅದು ಹೋದರೆ ಹೋಗ್ಲಿ ಬಿಡು. ಆ ಪುಡಿನ ಎಷ್ಟು ಸಲ ನಿನ್ನ ತಲಿಗೆ ಹಚ್ಚಿದ್ನೋ ಅಂತ ಆ ರಾತ್ರಿಯೆಲ್ಲ ಎಣಿಸಿದೆ” ಎಂದಳು. ನನ್ನದೆಂದು ನಾನು ಇಷ್ಟು ವರ್ಷ ಹೊತ್ತಿದ್ದ ತಪ್ಪನ್ನು ಅವಳೂ ತನ್ನದೆಂದು ಹೊತ್ತಿದ್ದಳು.

ಈಗ ನನ್ನ ಹಿತ್ತಲಲ್ಲೂ ನಾಲ್ಕು ಕೋಳಿಗಳಿವೆ. ನೆಲಕ್ಕೆಲ್ಲ ಸಿಮೆಂಟು ಹಾಕಿಸಿದ ಜಾಣೆ ನಾನು. ಹೊರಳಲು ಮಣ್ಣಿಲ್ಲದೆ ಹೋದ ವರ್ಷ ಅವಕ್ಕೆ ಹೇನು ಹತ್ತಿತು. ಪಶು ಆಸ್ಪತ್ರೆಯ ಡಾಕ್ಟರು ಔಷಧಿ ಕೊಟ್ಟು, ಸೀರು ಒಡೆದು ಹೊಸ ಹೇನು ಬರುವುದರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕಿರಿ, ಹೇಳಿದಷ್ಟು ದಿನ ಮೊಟ್ಟೆ ತಿನ್ನಬೇಡಿ ಎಂದರು. ಹಾಗೇ ಮಾಡಿದೆ. ಆಮೇಲೆ ಒಬ್ಬ ಹುಡುಗನನ್ನು ಕರೆಸಿ ಸೂರಿನ ಕೆಳಗೆ ಮೂರಡಿ ಸಿಮೆಂಟು ಒಡೆಸಿದೆ. ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ಹೊಟ್ಟಿನ ಬೂದಿ ತರಿಸಿ, ಮರಳು ಬೆರೆಸಿ ತುಂಬಿದೆ. ಗುಂಡಿಗೆ ಮೊದಲು ಇಳಿದದ್ದು ಕಪ್ಪು ಹೇಂಟೆಯೇ. ಅದು ಎದ್ದು ಕೊಡವಿಕೊಂಡ ರಭಸಕ್ಕೆ ನನ್ನ ತಲೆಯೆಲ್ಲ ಬೂದಿಯಾಯಿತು.