ಸಾಂತಾ ಕ್ಲಾರಾ ಕಣಿವೆಯ ನೀರಿನ ಲೆಕ್ಕ



ವೈದ್ಯರಾದ ನಮ್ಮಿಂದ ತಾವು ಮಧುಮೇಹ, ರಕ್ತದೊತ್ತಡಗಳ ವಿಚಾರವನ್ನು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇಂದು ನಾವು ಆಯ್ದುಕೊಂಡಿರುವುದು ನಾವೆಲ್ಲರೂ ನೆಲೆಸಿರುವ ಈ ಕಣಿವೆಯ ಹಳ್ಳಗಳನ್ನೂ ಅಂತರ್ಜಲವನ್ನೂ ಅಳೆದು ನೋಡುವ ಕಾರ್ಯದ ಇತಿಹಾಸವನ್ನು. ಮನೆಯ ಆಸ್ತಿ ತೆರಿಗೆಯ ಪತ್ರದಲ್ಲಿ ನೀರಿನ ಬಾಬ್ತು ಎಂದು ಒಂದು ಸಣ್ಣ ಮೊತ್ತವಿರುತ್ತದೆ. ಅದನ್ನು ಎಲ್ಲರೂ ಕಟ್ಟುತ್ತೇವೆ. ಏತಕ್ಕೆಂದು ವಿಚಾರಿಸುವವರು ವಿರಳ.

ಲಂಡನ್ನಿನ ಬ್ರಾಡ್ ಬೀದಿಯ ಪಂಪಿಗೂ ಕಾಲರಾಕ್ಕೂ ಇದ್ದ ನಂಟನ್ನು ಡಾ. ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ. ಎಂ.ಬಿ.ಬಿ.ಎಸ್. ಓದಿದವರಿಗೆಲ್ಲ ಇದು ಬಾಯಿಪಾಠ. ಅದೇ ವರ್ಷ ಸಾನ್ ಹೋಸೆಯಲ್ಲಿ ಮೊದಲ ಆರ್ಟೀಸಿಯನ್ ಬಾವಿಯನ್ನು ಕೊರೆದರು. ಪಂಪಿನ ಹಂಗಿಲ್ಲದೆ ನೀರು ತಾನಾಗಿಯೇ ಉಕ್ಕಿ ಹರಿಯಿತು. ಹಣ್ಣಿನ ತೋಟಗಳು ಬೆಳೆದಂತೆ ಬಾವಿಗಳೂ ಬೆಳೆದವು. ಉಕ್ಕುತ್ತಿದ್ದ ನೀರು ಕ್ರಮೇಣ ಪಾತಾಳಕ್ಕಿಳಿಯಿತು. ಕೋಲಾರ, ಪಾವಗಡ ಕಡೆಯಿಂದ ಬಂದ ಬಂಧುಗಳಿಗೆ ಈ ಕಥೆಯ ಮುಂದಿನ ಭಾಗವನ್ನು ಹೇಳಬೇಕಾಗಿಲ್ಲ. ಆದರೆ ಇಲ್ಲಿ ನೀರಿನೊಂದಿಗೆ ನೆಲವೂ ಇಳಿಯಿತು. 1912ರಲ್ಲಿ ನೆಟ್ಟಿದ್ದ ಮಟ್ಟಗಲ್ಲುಗಳನ್ನು 1933ರಲ್ಲಿ ಮತ್ತೆ ಅಳೆದಾಗ ಸಾನ್ ಹೋಸೆ ನಗರ ಸುಮಾರು 4 ಅಡಿ ಕುಸಿದಿತ್ತು. ಅಂತರ್ಜಲವನ್ನು ಮಿತಿಮೀರಿ ಎಳೆದುದರಿಂದ ನೆಲ ಕುಸಿಯುತ್ತದೆಂಬುದು ಈ ದೇಶದಲ್ಲಿ ಮೊದಲು ಮನವರಿಕೆಯಾದದ್ದು ಇಲ್ಲಿಯೇ. 1969ರ ಹೊತ್ತಿಗೆ ನಗರದ ಮಧ್ಯಭಾಗ ಒಟ್ಟು 13 ಅಡಿಯಷ್ಟು ತಗ್ಗಿತ್ತು. ಕೊಲ್ಲಿಯಂಚಿನ ಆಲ್ವಿಸೋ ಊರು ಸಮುದ್ರ ಮಟ್ಟಕ್ಕಿಂತ ಕೆಳಗಾಯಿತು. 1983ರಲ್ಲಿ ಅದು ಪ್ರವಾಹದಲ್ಲಿ ಮುಳುಗಿತು.

ರೋಗ ತಿಳಿದ ಮಾತ್ರಕ್ಕೆ ಚಿಕಿತ್ಸೆ ದೊರಕುವುದಿಲ್ಲ; ಅದಕ್ಕೆ ಹಣ ಬೇಕು. ಮಳೆನೀರನ್ನು ಅಣೆಕಟ್ಟೆಗಳಲ್ಲಿ ಹಿಡಿದು ಹಳ್ಳಗಳ ಮೂಲಕ ಭೂಮಿಗೆ ಇಂಗಿಸಬೇಕೆಂದು ಇಂಜಿನಿಯರ್ ಫ್ರೆಡ್ ಟಿಬ್ಬೆಟ್ಸ್ 1921ರಲ್ಲಿಯೇ ಸೂಚಿಸಿದ್ದರು. ಆ ದಶಕದಲ್ಲಿ ಮತದಾರರು ಅದನ್ನು ತಳ್ಳಿಹಾಕಿದರು. 1929ರಲ್ಲಿ ಜಲಸಂರಕ್ಷಣಾ ಮಂಡಳಿ ಸ್ಥಾಪನೆಯಾಯಿತು. 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ಆ ಕಡುಕಷ್ಟದ ದಿನಗಳಲ್ಲಿ, ಇದೇ ಜನ 20 ಲಕ್ಷ ಡಾಲರುಗಳ ಬಾಂಡಿಗೆ ಸಮ್ಮತಿಯಿತ್ತರು. ಸ್ಟೀವನ್ಸ್ ಕ್ರೀಕ್, ವಾಸೋನಾ, ಆಲ್ಮಡೆನ್, ಕಲೇರೋ, ಗ್ವಾಡಲೂಪೆ, ಕಯೋಟೆ ಕಟ್ಟೆಗಳು ಆ ಹಣದ ಫಲ. ನಮ್ಮ ಮಕ್ಕಳು ರಜಾದಿನಗಳಲ್ಲಿ ಸುತ್ತಾಡುವ ಕೆರೆಗಳು ಇವೇ. ಮುಂದೆ 1964ರಲ್ಲಿ ಬಾವಿಯಿಂದ ನೀರೆತ್ತುವವರ ಮೇಲೆ ಶುಲ್ಕ ವಿಧಿಸಿದರು, 1965ರಲ್ಲಿ ರಾಜ್ಯದ ಕಾಲುವೆಯ ನೀರು ಬಂತು, ಕುಸಿತ ನಿಂತಿತು. ಇಷ್ಟೆಲ್ಲವನ್ನೂ ಇಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಯಾರೋ ಒಬ್ಬರು ದಶಕಗಳ ಕಾಲ ಬಾವಿಗಳಿಗೆ ಅಳತೆಯ ಪಟ್ಟಿ ಇಳಿಬಿಟ್ಟು ಅಂಕಿಗಳನ್ನು ಬರೆದಿಟ್ಟುದರಿಂದ. ಸಾನ್ ಹೋಸೆಯ ಒಂದು ಬಾವಿಯ ನೀರಿನ ಮಟ್ಟದ ದಾಖಲೆ 1915ರಿಂದಲೂ ಇದೆ.

ನೀರಿನ ಮಟ್ಟವನ್ನು ಅಳೆದವರು ನೀರೊಳಗೆ ಏನಿದೆಯೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಅಳೆದಿರಲಿಲ್ಲ. 1981ರ ಡಿಸೆಂಬರಿನಲ್ಲಿ, ದಕ್ಷಿಣ ಸಾನ್ ಹೋಸೆಯ ಫೇರ್‌ಚೈಲ್ಡ್ ಕಾರ್ಖಾನೆಯ ನೆಲದಡಿಯ ತೊಟ್ಟಿ ಸೋರಿರುವುದು ಪತ್ತೆಯಾಯಿತು. ಟ್ರೈಕ್ಲೋರೋಈಥೇನ್ ಮೊದಲಾದ ದ್ರಾವಕಗಳು ಹತ್ತಿರದ ಕುಡಿಯುವ ನೀರಿನ ಬಾವಿಯನ್ನು ಸೇರಿದ್ದವು. ಪಕ್ಕದ ಲಾಸ್ ಪಾಸಿಯೋಸ್ ಬಡಾವಣೆಯ ತಾಯಂದಿರು ತಮ್ಮ ಬೀದಿಗಳಲ್ಲಿ ಗರ್ಭಪಾತಗಳೂ ಶಿಶುಗಳ ಜನ್ಮದೋಷಗಳೂ ಹೆಚ್ಚಾಗಿವೆಯೆಂದು ಪ್ರಶ್ನೆಯೆತ್ತಿದರು. ರಾಜ್ಯದ ಆರೋಗ್ಯ ಇಲಾಖೆ 1985ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಚ್ಚಳ ನಿಜವೆಂದು ಒಪ್ಪಿತು. ನೀರೇ ಅದಕ್ಕೆ ಕಾರಣವೆಂದು ಸಿದ್ಧಪಡಿಸಲು ಆಗ ಆಗಲಿಲ್ಲ, ಅನಂತರದ ಅಧ್ಯಯನಗಳಿಂದಲೂ ಆಗಲಿಲ್ಲ.

ವೈದ್ಯರಾದ ನಮ್ಮನ್ನು ಬಾಧಿಸುವ ಪ್ರಶ್ನೆ ಇಲ್ಲಿದೆ. ಯಾವ ಗರ್ಭಿಣಿ ಯಾವ ತಿಂಗಳಲ್ಲಿ ಎಷ್ಟು ದ್ರಾವಕವನ್ನು ಕುಡಿದಳೆಂದು ತಿಳಿಯದೆ ಕಾರಣವನ್ನು ಹೇಳುವುದೆಂತು? ಆ ಕಾಲಕ್ಕೆ ಬಾವಿಗಳಲ್ಲಿ ಇಂಥ ದ್ರಾವಕಗಳಿಗಾಗಿ ನಿಯಮಿತ ಪರೀಕ್ಷೆ ನಡೆಸಬೇಕೆಂಬ ಕಟ್ಟಳೆಯೇ ಇರಲಿಲ್ಲ. ರೋಗಿ ಬಂದಮೇಲೆ ರಕ್ತ ಪರೀಕ್ಷೆ ಮಾಡಿಸಬಹುದು. ಹೋದ ವರ್ಷದ ನೀರನ್ನು ಮಾತ್ರ ಈ ವರ್ಷ ಪರೀಕ್ಷಿಸಲಾಗದು. ಆ ತಾಯಂದಿರಿಗೆ ದೊರೆಯದೆ ಹೋದ ಉತ್ತರ ಇಂದಿಗೂ ದೊರೆತಿಲ್ಲ.

ಅನಂತರ ಎಚ್ಚರ ಮೂಡಿತು. ಅಪಾಯಕಾರಿ ರಾಸಾಯನಿಕಗಳ ತೊಟ್ಟಿಗಳ ಬಗ್ಗೆ 1983ರಲ್ಲಿ ಈ ಕಣಿವೆಯ ನಗರಸಭೆಗಳು ತಾವಾಗಿಯೇ ಕಟ್ಟಳೆ ತಂದವು. ಅದೇ ವರ್ಷ ರಾಜ್ಯವೂ 1984ರಲ್ಲಿ ಕೇಂದ್ರ ಸರಕಾರವೂ ಅದೇ ಹಾದಿ ಹಿಡಿದವು. ದೊಡ್ಡ ಸರಕಾರಗಳು ಚಿಕ್ಕ ಊರುಗಳಿಂದ ಪಾಠ ಕಲಿತ ಅಪರೂಪದ ಪ್ರಸಂಗವಿದು. ಹುಡುಕಿದಂತೆಲ್ಲ ಮಲಿನ ತಾಣಗಳು ಕಂಡುಬಂದವು. ಸೂಪರ್‌ಫಂಡ್ ಪಟ್ಟಿಗೆ ಸೇರಿದವು 23. ದೇಶದ ಮತ್ತಾವ ಕೌಂಟಿಯಲ್ಲಿಯೂ ಇಷ್ಟಿಲ್ಲ. ನಮ್ಮಲ್ಲಿ ಬಹುಮಂದಿಗೆ ಅನ್ನವಿತ್ತ ಉದ್ಯಮದ ಇನ್ನೊಂದು ಮುಖವಿದು ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಎಲ್ಲ ದೋಷವೂ ಚಿಪ್ಪು ಕಾರ್ಖಾನೆಗಳದ್ದಲ್ಲ. ನ್ಯೂ ಆಲ್ಮಡೆನ್‌ನಲ್ಲಿ 1840ರ ದಶಕದಿಂದ ತೆಗೆದ ಪಾದರಸದ ಶೇಷ ಇಂದಿಗೂ ಗ್ವಾಡಲೂಪೆ ನದಿಯ ಹಳ್ಳಗಳಲ್ಲಿದೆ, ಮೀನುಗಳಲ್ಲಿದೆ. ಕೆರೆಯ ದಡದಲ್ಲಿ ಮೀನು ತಿನ್ನಬಾರದೆಂದು ಹಾಕಿರುವ ಫಲಕಗಳು ಅಲಂಕಾರಕ್ಕಲ್ಲ. ವಿಶೇಷವಾಗಿ ಗರ್ಭಿಣಿಯರೂ ಮಕ್ಕಳೂ ಅವುಗಳನ್ನು ಗಂಭೀರವಾಗಿ ಪರಿಗಣಿಸಬೇಕು.

ಇನ್ನು ಹಣದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ವಿಶೇಷ ತೆರಿಗೆಗೆ ಮೂರನೆಯ ಎರಡು ಭಾಗ ಮತ ಬೇಕು. ಸೇತುವೆಗೆ ಮತ ಕೇಳುವುದು ಸುಲಭ, ಕಣ್ಣಿಗೆ ಕಾಣುತ್ತದೆ. ನೀರಿನ ಮಾದರಿ ತುಂಬಿದ ಸೀಸೆಗಳಿಗೆ ಮತ ಕೇಳುವುದು ಹೇಗೆ? ಆದರೂ 2000ದ ನವೆಂಬರಿನಲ್ಲಿ 15 ವರ್ಷದ ನಿವೇಶನ ತೆರಿಗೆಗೆ ಜನ ಒಪ್ಪಿದರು. 2012ರಲ್ಲಿ ಮತ್ತೆ ಒಪ್ಪಿದರು. 2020ರಲ್ಲಿ ‘ಮೆಷರ್ ಎಸ್’ ಸುಮಾರು ಮುಕ್ಕಾಲು ಪಾಲು ಮತ ಪಡೆದು ಗೆದ್ದಿತು. ಆಗ ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ 67 ಡಾಲರ್ ಆಸುಪಾಸು ಬೀಳುತ್ತಿತ್ತು. ನಮ್ಮ ಕುಟುಂಬಗಳು ಒಂದು ಸಂಜೆಯ ಹೋಟೆಲ್ ಊಟಕ್ಕೆ ಇದಕ್ಕಿಂತ ಹೆಚ್ಚು ತೆರುತ್ತವೆ. ಪ್ರವಾಹ ತಡೆ, ಹಳ್ಳಗಳ ಶುದ್ಧಿ, ನೀರಿನ ಗುಣಮಟ್ಟ, ನಗರಸಭೆಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಅನುದಾನ ಎಲ್ಲವೂ ಇದರಲ್ಲಿಯೇ. ಅಂತರ್ಜಲದ ನಿಗಾಕ್ಕೆ ಮುಖ್ಯ ಆಧಾರ ಬಾವಿಗಳ ಮೇಲಿನ ಶುಲ್ಕ. ಹಣವನ್ನು ಸರಿಯಾಗಿ ವೆಚ್ಚಮಾಡಿದರೇ ಎಂದು ನೋಡಲು ನಾಗರಿಕರ ಸಮಿತಿಯೊಂದಿದೆ. ಅದರ ಸಭೆಗಳು ಸಾರ್ವಜನಿಕರಿಗೆ ತೆರೆದಿವೆ. ಅಲ್ಲಿಗೆ ಕನ್ನಡಿಗರೂ ಹೋಗಬೇಕೆಂಬುದು ನಮ್ಮ ಆಸೆ.

ಕಡೆಯದಾಗಿ, ಮಾರ್ಗನ್ ಹಿಲ್, ಸಾನ್ ಮಾರ್ಟಿನ್, ಗಿಲ್ರಾಯ್ ಕಡೆ ತೋಟದ ಮನೆ ಕೊಂಡಿರುವವರಿಗೆ ಒಂದು ಸೂಚನೆ. ಮಾರ್ಗನ್ ಹಿಲ್‌ನಲ್ಲಿ ರಸ್ತೆಯ ಎಚ್ಚರಿಕೆ ದೀವಟಿಗೆಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಪರ್‌ಕ್ಲೋರೇಟ್ ನೂರಾರು ಬಾವಿಗಳನ್ನು ಸೇರಿದ ಸುದ್ದಿ 2003ರಲ್ಲಿ ಬಂತು. ಅದು ಥೈರಾಯಿಡ್ ಗ್ರಂಥಿ ಅಯೊಡೀನನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಗೊಬ್ಬರದಿಂದಲೂ ಸೆಪ್ಟಿಕ್ ಗುಂಡಿಗಳಿಂದಲೂ ಬರುವ ನೈಟ್ರೇಟ್ ಆ ಭಾಗದಲ್ಲಿ ಹಳೆಯ ತೊಂದರೆ. ಖಾಸಗಿ ಬಾವಿಯ ನೀರನ್ನು ಪರೀಕ್ಷಿಸುವ ಹೊಣೆ ಮನೆಯವರದ್ದೇ. ಎಳೆಗೂಸಿನ ಹಾಲಿನ ಪುಡಿ ಕಲಸುವ ಮುನ್ನ ಆ ನೀರನ್ನು ಪರೀಕ್ಷೆಗೆ ಕಳುಹಿಸಿ. ಕಾಯಿಸಿ ಆರಿಸಿದರೆ ಸಾಕೆಂಬ ನಮ್ಮ ಅಜ್ಜಿಯರ ಮಾತು ಕಾಲರಾಕ್ಕೆ ಸರಿ, ನೈಟ್ರೇಟಿಗೆ ಸರಿಯಲ್ಲ; ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ.